ನಳಿಗೆಗೆ ಬಿಸಿನೀರೋ, ಚಿಮಣಿ ಎಣ್ಣೆಯೋ, ಸಾಲ್ವೆಂಟೋ? ಬಂದೂಕು ಇರುವ ಮನೆಗೊಂದು ಹೋಲಿಕೆ

ನಮ್ಮ ಮನೆಯ ಜೋಡುನಳಿಗೆ ಬಂದೂಕಿನ ಬಲ ನಳಿಗೆಯಲ್ಲಿ, ಬಾಯಿಯಿಂದ ಒಂದು ಗೇಣು ಒಳಗೆ, ಕಡಲೆಕಾಳಿನಷ್ಟು ಅಗಲದ ಒಂದು ಕಲೆ ಇದೆ. ಬೆಳಕಿಗೆ ಹಿಡಿದು ನೋಡಿದರೆ ಸಣ್ಣ ಸಣ್ಣ ಕುಳಿಗಳು ಕಾಣುತ್ತವೆ. ಅದು ಈಡು ಹೊಡೆದು ಆದದ್ದಲ್ಲ. ಒಂದು ಮಳೆಗಾಲ ಬಂದೂಕಿನ ಎಣ್ಣೆ ತೀರಿತ್ತು. ಎಣ್ಣೆ ಎಣ್ಣೆಯೇ ಅಲ್ಲವೇ ಎಂದು ಅಪ್ಪ ಅಡಿಗೆಮನೆಯ ಕುಸುಬಿ ಎಣ್ಣೆಯನ್ನು ಅರಿವೆಗೆ ಹಾಕಿ ಒಳಗೆಲ್ಲ ಎಳೆದಿಟ್ಟರು. ದೀಪಾವಳಿ ಹೊತ್ತಿಗೆ ತೆಗೆದು ನೋಡಿದರೆ ಒಳಗೆ ಹಳದಿ ಅಂಟು ಗಟ್ಟಿಯಾಗಿ ಕೂತಿತ್ತು. ಅದರ ಅಡಿಗೆ ಜಂಗು.

ಆ ಕಲೆಯ ಕಾರಣಕ್ಕೇ ನಾನು ನಳಿಗೆ ಒರೆಸುವ ಸಾಮಾನುಗಳನ್ನು ಒಂದೊಂದಾಗಿ ಹೋಲಿಸಿ ನೋಡಲು ಶುರುಮಾಡಿದೆ. ಈಗ ಲೈಸನ್ಸು ನನ್ನ ಹೆಸರಿನಲ್ಲಿದೆ. ಧಾರವಾಡದ ಮಳೆ, ಹಾನಗಲ್ಲ ಕಡೆಯ ಥಂಡಿ, ಗದಗಿನ ಎರೆಮಣ್ಣಿನ ಧೂಳು ಮೂರನ್ನೂ ಕಂಡ ಬಂದೂಕುಗಳನ್ನು ನೋಡಿದ್ದೇನೆ. ನನ್ನ ಅನುಭವದಲ್ಲಿ ಈಡು ಹೊಡೆದು ಕೆಟ್ಟ ನಳಿಗೆ ಅಪರೂಪ. ತಪ್ಪು ಸಾಮಾನು ಹಾಕಿ ತಿಕ್ಕಿ ಕೆಡಿಸಿದ್ದು, ಇಲ್ಲವೇ ಗೂಟಕ್ಕೆ ತೂಗುಹಾಕಿ ಮರೆತು ಕೆಟ್ಟದ್ದೇ ಹೆಚ್ಚು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಶಿಕಾರಿಯವರಿಗೆ ಬರೆದದ್ದಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅನ್ನುವುದು ಅಪರಾಧ. ಗೋವಿನಜೋಳದ ಹೊಲಕ್ಕೆ ಹಂದಿ ನುಗ್ಗಿದರೂ, ರಾಣೆಬೆನ್ನೂರ ಕಡೆ ಕೃಷ್ಣಮೃಗದ ಹಿಂಡು ಬೆಳೆಯೊಳಗೆ ಇಳಿದರೂ, ಬೆಳೆ ರಕ್ಷಣೆಯ ಲೈಸನ್ಸು ಇದೆ ಎಂದ ಮಾತ್ರಕ್ಕೆ ಕೊಲ್ಲುವ ಹಕ್ಕು ಬರುವುದಿಲ್ಲ. ಹೊಲ ಕಾಯುವವರು, ಮನೆಯಲ್ಲಿ ಅಜ್ಜನ ಕಾಲದ ಬಂದೂಕು ಇರುವವರು, ಹುಬ್ಬಳ್ಳಿ–ಧಾರವಾಡದಲ್ಲಿ ಗುರಿ ಹೊಡೆಯುವುದನ್ನು ಕಲಿಯುತ್ತಿರುವ ಹುಡುಗರು, ಇವರಿಗಾಗಿ ಈ ಬರಹ.

ಇನ್ನು ಗಜ, ಅಂದರೆ ನಳಿಗೆ ಒರೆಸುವ ಉದ್ದನೆಯ ಕೋಲು, ಕೈಗೆತ್ತಿಕೊಳ್ಳುವ ಮುಂಚೆ ತೋಟಾ ಇಲ್ಲ ಎನ್ನುವುದನ್ನು ಕಣ್ಣಿನಿಂದಲೂ ನೋಡಿ, ಬೆರಳಿನಿಂದಲೂ ಮುಟ್ಟಿ. ತೋಟಾಗಳ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ಬಾಯಿಯಿಂದ ಮದ್ದು ತುಂಬುವ ಕೇಪಿನ ಬಂದೂಕಾದರೆ ಗಜವನ್ನು ಬಾಯಿಯಿಂದ ತಳದವರೆಗೆ ಇಳಿಸಿ ಎಷ್ಟು ಹೋಯಿತೆಂದು ಗುರುತು ಮಾಡಿ, ಅದೇ ಅಳತೆಯನ್ನು ಹೊರಗಿನಿಂದ ಹಿಡಿದು ನೋಡಿ. ಗಜ ನಾಲ್ಕು ಬೆರಳು ಮೇಲೆಯೇ ನಿಂತಿದ್ದರೆ ಒಳಗೆ ಹಳೆಯ ಮದ್ದು ಇದೆ ಎಂದು ಅರ್ಥ. ಅಂಥದ್ದನ್ನು ಮನೆಯಲ್ಲಿ ಕೆದಕಬೇಡಿ. ಲೈಸನ್ಸುಳ್ಳ ಬಂದೂಕು ರಿಪೇರಿಯವರ ಹತ್ತಿರ ಒಯ್ಯಿರಿ.

ಮೊದಲು ಒಳಗಿನ ಕೊಳೆ ಯಾವುದು?

ಎಲ್ಲರೂ ಕೇಳುವುದು "ಯಾವ ಎಣ್ಣಿ ಛಲೋ ರೀ?" ಎಂದು. ಕೇಳಬೇಕಾದ್ದು ಒಳಗೆ ಏನು ಕೂತಿದೆ ಎಂದು. ನಳಿಗೆಯ ಕೊಳೆಯಲ್ಲಿ ನಾಲ್ಕು ಜಾತಿ. ಕಪ್ಪುಮದ್ದಿನ ಉಪ್ಪು, ಹೊಗೆಯಿಲ್ಲದ ಮದ್ದಿನ ಮಸಿ, ಸೀಸ, ತಾಮ್ರ. ಒಂದನ್ನು ಬಿಡಿಸುವ ಸಾಮಾನು ಇನ್ನೊಂದನ್ನು ಬಿಡಿಸುವುದಿಲ್ಲ.

ಕೇಪಿನ ಒಂಟಿನಳಿಗೆಗೆ ಹಾಕುವ ಕಪ್ಪುಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಸುಟ್ಟ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಗಟ್ಟಿ ಕಸವಾಗಿ ಉಳಿಯುತ್ತದೆ. ಆ ಕಸದಲ್ಲಿ ಬಹುಪಾಲು ಉಪ್ಪುಗಳು. ಗಾಳಿಯ ಪಸೆಯನ್ನು ಹೀರಿಕೊಂಡು ಒಂದೇ ರಾತ್ರಿಯಲ್ಲಿ ಕಬ್ಬಿಣವನ್ನು ತಿನ್ನಲು ಶುರುಮಾಡುತ್ತವೆ. ಹಳೆಯ ಕಾಲದ ಕೇಪುಗಳಲ್ಲಿ, ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಟೊಪ್ಪಿಗೆಗಳಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸುಟ್ಟರೆ ಉಳಿಯುವುದು ಅಡಿಗೆ ಉಪ್ಪಿನ ದಾಯಾದಿಯೇ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಚರೆಯ ತೋಟಾ ಹಾಕುವ 12 ಬೋರಿನ ಬಂದೂಕಿನಲ್ಲಿ ಮಸಿಯೂ ಸೀಸವೂ ಸೇರಿ ಇರುತ್ತವೆ. ಇತ್ತೀಚಿನ ತೋಟಾಗಳಲ್ಲಿ ಚರೆ ಹಿಡಿದಿಡುವ ಪ್ಲಾಸ್ಟಿಕ್ ಬಟ್ಟಲು ಇರುವುದರಿಂದ ಅದರ ತೆಳು ಪದರವೂ ಬಾಯಿಯ ಹತ್ತಿರ, ನಳಿಗೆ ಕಿರಿದಾಗುವ ಚೋಕ್ ಇರುವ ಕಡೆ, ಅಂಟಿರುತ್ತದೆ. .22 ರೈಫಲ್ಲಿನಲ್ಲಿ ಸೀಸ ಮತ್ತು ಗುಂಡಿಗೆ ಹಚ್ಚಿದ ಮೇಣ. ಇಶಾಪುರದ .315ರಂಥ ರೈಫಲ್ಲಿನಲ್ಲಿ ಗುಂಡಿಗೆ ತಾಮ್ರದ ಕವಚ ಇರುವುದರಿಂದ ನಳಿಗೆಯೊಳಗಿನ ಸುರುಳಿ ಗೀರುಗಳ ಉದ್ದಕ್ಕೂ ತಾಮ್ರ ಮೆತ್ತಿಕೊಂಡಿರುತ್ತದೆ.

ಬಿಸಿನೀರು, ಚಿಮಣಿ ಎಣ್ಣೆ, ಸಾಲ್ವೆಂಟು

ಹಾನಗಲ್ಲ ತಾಲೂಕಿನ ರೈತರೊಬ್ಬರಿಗೆ ಬಿಸಿನೀರು ಹಾಕಿರಿ ಎಂದಾಗ ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದರು.

"ಏನ್ರೀ ಸರ, ಬಂದೂಕಕ್ಕ ನೀರು ಹಾಕಿದ್ರ ಜಂಗ್ ಹಿಡಿಯೂದಿಲ್ಲೇನ್ರಿ?"

"ತಣ್ಣೀರು ಹಾಕಿ ಬಿಟ್ರ ಹಿಡೀತದ್ರಿ. ಕುದಿಯೂದು ಹಾಕ್ರಿ, ಅದ ಬಿಸಿಗೆ ಅದ ಒಣಗ್ತದ."

ಕೇಪಿನ ಬಂದೂಕಿಗೆ ಬಿಸಿನೀರಿಗೆ ಸರಿಸಾಟಿ ಯಾವುದೂ ಇಲ್ಲ. ನಳಿಗೆಯನ್ನು ಕಟ್ಟಿಗೆಯಿಂದ ಬಿಡಿಸಿ, ಕೇಪು ಕೂರಿಸುವ ಮೊಲೆಯನ್ನು ಬಿಚ್ಚಿ, ಪಾತ್ರೆ ತಿಕ್ಕುವ ದ್ರಾವಣದ ನಾಲ್ಕು ಹನಿ ಹಾಕಿದ ಬಿಸಿನೀರಿನಲ್ಲಿ ಅರಿವೆ ಸುತ್ತಿದ ಗಜವನ್ನು ಮೇಲೆ ಕೆಳಗೆ ಆಡಿಸಿ. ಪಂಪಿನ ಹಾಗೆ ನೀರು ಎಳೆದು ಬಿಡುತ್ತದೆ. ಮೊದಲು ಬರುವ ನೀರು ಶಾಯಿಯಂತಿರುತ್ತದೆ, ಕೊಳೆತ ತತ್ತಿಯ ವಾಸನೆ ಬೇರೆ. ಮನೆಯವರು ಬಚ್ಚಲಿನಿಂದ ಓಡಿಸಿದರೆ ಅವರದೇನೂ ತಪ್ಪಿಲ್ಲ, ಹಿತ್ತಲಿಗೆ ಹೋಗಿ. ನೀರು ತಿಳಿಯಾದ ಮೇಲೆ ಕೊನೆಯ ಸಲ ಕುದಿಯುವ ನೀರು ಹೊಯ್ದು, ನಳಿಗೆ ಕೈ ಸುಡುವಷ್ಟು ಬಿಸಿ ಇರುವಾಗಲೇ ಒಣ ಅರಿವೆ ಎಳೆದು, ಕೂಡಲೇ ಎಣ್ಣೆ ಹಚ್ಚಬೇಕು. ಚಹಾ ಕುಡಿದು ಬಂದು ಹಚ್ಚುತ್ತೇನೆ ಎಂದರೆ ಅಷ್ಟರಲ್ಲಿ ಕೆಂಪು ಪುಡಿ ಎದ್ದಿರುತ್ತದೆ. ಮರುದಿನ ಇನ್ನೊಂದು ಬಿಳಿ ಅರಿವೆ ಎಳೆಯಿರಿ. ಕಂದು ಬಣ್ಣ ಬಂದರೆ ಉಪ್ಪು ಉಳಿದಿದೆ, ಮತ್ತೆ ನೀರಿನಿಂದ ಶುರುಮಾಡಿ.

ಗದಗ, ರೋಣದ ಕಡೆಯವರಿಗೆ ಒಂದು ಹೆಚ್ಚಿನ ಮಾತು. ಬೋರ್‌ವೆಲ್ ನೀರು ಸವಳಾಗಿದ್ದರೆ ಕೊನೆಯ ಸಲಕ್ಕೆ ಅದನ್ನು ಬಳಸಬೇಡಿ. ಉಪ್ಪು ತೊಳೆಯಲು ಹೋಗಿ ಉಪ್ಪು ಬಿಟ್ಟು ಬಂದಂತಾಗುತ್ತದೆ. ಶುದ್ಧ ನೀರಿನ ಘಟಕದಿಂದ ತಂದ ಒಂದು ತಂಬಿಗೆ ಸಾಕು, ಮಳೆನೀರೂ ಆದೀತು.

ಚಿಮಣಿ ಎಣ್ಣೆಯನ್ನು ನಮ್ಮ ಹಿಂದಿನವರು ಎಲ್ಲದಕ್ಕೂ ಬಳಸಿದರು. ಅದಕ್ಕೆ ಅದರದೇ ಜಾಗ ಇದೆ. ಹಳೆಯ ಅಂಟೆಣ್ಣೆ, ಸಡಿಲ ಮಸಿ, ಗ್ರೀಸು ಬಿಡಿಸಲು ಚೆನ್ನು. ಉಪ್ಪಿಗೆ, ತಾಮ್ರಕ್ಕೆ ಅದರಿಂದ ಏನೂ ಆಗದು. ಅದು ಹೊಳಪು ತರುತ್ತದೆ, ಆ ಹೊಳಪಿಗೆ ಮೋಸಹೋಗಿ ಹಾಗೇ ಇಟ್ಟುಬಿಡುತ್ತೇವೆ. ಅದು ಆರಿದ ಮೇಲೆ ಕಬ್ಬಿಣದ ಮೇಲೆ ಕಾಯುವಂಥ ಪದರ ಏನೂ ಉಳಿಯುವುದಿಲ್ಲ. ತೊಳೆಯಲು ಬಳಸಿದರೂ ಕಾಪಾಡಲು ನಂಬಬೇಡಿ. ಪೆಟ್ರೋಲ್ ಬಗ್ಗೆ ಕೇಳುವವರೂ ಇದ್ದಾರೆ. ಬೇಡ. ಅದರ ಆವಿಗೆ ಒಲೆಯ ಕಿಡಿ ಸಾಕು.

ಅಂಗಡಿಯ ಸಾಲ್ವೆಂಟುಗಳಲ್ಲಿ, ಅಂದರೆ ಕೊಳೆ ಕರಗಿಸುವ ದ್ರವಗಳಲ್ಲಿ, ಎರಡು ಬಗೆ. ಮಸಿ ಬಿಡಿಸುವುದು ಒಂದು, ತಾಮ್ರ ಬಿಡಿಸುವುದು ಇನ್ನೊಂದು. 12 ಬೋರಿಗೆ, .22ಕ್ಕೆ ಮೊದಲನೆಯದು ಮಾತ್ರ ಸಾಕು. ಅರಿವೆಗೆ ಹಚ್ಚಿ ಎಳೆದು, ಹತ್ತು ನಿಮಿಷ ಬಿಟ್ಟು, ಬ್ರಶ್ ಆಡಿಸಿ, ಒರೆಸಿದರೆ ಮುಗಿಯಿತು. ತಾಮ್ರದ ಸಾಲ್ವೆಂಟು .315ರಂಥ ರೈಫಲ್ ಇದ್ದವರಿಗೆ. ಅದರಲ್ಲಿ ಅಮೋನಿಯ ಇದ್ದರೆ ಮೂಗಿಗೇ ಗೊತ್ತಾಗುತ್ತದೆ, ಕಿಟಕಿ ತೆರೆದಿಡಿ. ತಾಮ್ರ ಇದ್ದರೆ ಅರಿವೆ ನೀಲಿಯಾಗಿ ಬರುತ್ತದೆ. ಇಲ್ಲೊಂದು ಹಳ್ಳ ಇದೆ, ನಾನೂ ಬಿದ್ದವನೇ. ಕಂಚಿನ ಬ್ರಶ್ಶಿನಲ್ಲೂ ತಾಮ್ರ ಇರುತ್ತದಲ್ಲ, ಸಾಲ್ವೆಂಟು ಬ್ರಶ್ಶನ್ನೇ ತಿಂದು ನೀಲಿ ಮಾಡುತ್ತದೆ. ಇನ್ನೂ ತಾಮ್ರ ಉಳಿದಿದೆ ಎಂದು ನಾನು ಒಂದು ಭಾನುವಾರ ಪೂರ್ತಿ ತಿಕ್ಕಿದೆ. ಈ ಕೆಲಸಕ್ಕೆ ನೈಲಾನ್ ಬ್ರಶ್ಶೇ ಸರಿ. ಅಮೋನಿಯವನ್ನು ರಾತ್ರಿಯಿಡೀ ಒಳಗೆ ಬಿಡುವುದೂ ಬೇಡ. ಬಾಟಲಿಯ ಮೇಲೆ ಬರೆದ ಹೊತ್ತಿಗೆ ಒರೆಸಿ ತೆಗೆಯಿರಿ.

ಬಹಳ ಹಳೆಯ ತೋಟಾ ಹೊಡೆದಿದ್ದರೆ ಅದರ ಕೇಪಿನ ಉಪ್ಪು ಒಳಗೆ ಇರಬಹುದು. ಯಾವ ಬಂದೂಕೇ ಆಗಲಿ, ಮೊದಲು ಬಿಸಿನೀರಿನ ಅರಿವೆ ಎರಡು ಸಲ ಎಳೆದು ಆಮೇಲೆ ಸಾಲ್ವೆಂಟಿಗೆ ಹೋಗಿ.

ಗಜ, ಪುಲ್‌ಥ್ರೂ, ಹಗ್ಗದ ಬ್ರಶ್

ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದವರಿಗೆ ಪುಲ್‌ಥ್ರೂ ಮರೆತಿರಲಿಕ್ಕಿಲ್ಲ. ಅದೊಂದು ಉದ್ದನೆಯ ಹುರಿ. ಒಂದು ತುದಿಗೆ ಹಿತ್ತಾಳೆಯ ತೂಕ, ಇನ್ನೊಂದು ತುದಿಯ ಕುಣಿಕೆಗೆ ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲದ ಚಿಂದಿ. ಒಬ್ಬ ರೈಫಲ್ ಹಿಡಿಯಬೇಕು, ಇನ್ನೊಬ್ಬ ಎಳೆಯಬೇಕು. "ಸೀಧಾ ಖೀಂಚೋ" (ನೇರ ಎಳೆಯಿರಿ) ಎಂದು ಉಸ್ತಾದರು ಯಾಕೆ ಅಷ್ಟು ಒದರುತ್ತಿದ್ದರೆಂದು ಅಂದು ತಿಳಿದಿರಲಿಲ್ಲ. ಹುರಿಗೆ ಧೂಳು ಮೆತ್ತಿದಾಗ ಅದು ಅರದಂತಾಗುತ್ತದೆ. ಓರೆಯಾಗಿ ಎಳೆದಾಗೆಲ್ಲ ನಳಿಗೆಯ ಬಾಯಂಚನ್ನು ಒಂದೇ ಕಡೆ ಸವೆಸುತ್ತದೆ. ಗುಂಡು ನಳಿಗೆಯನ್ನು ಬಿಡುವಾಗ ಕೊನೆಗೆ ಮುಟ್ಟುವುದು ಆ ಅಂಚನ್ನೇ. ಅದು ಒಂದು ಕಡೆ ಸವೆದರೆ ಗುರಿ ಹೋಯಿತು.

ಹಗ್ಗದ ಬ್ರಶ್ ಎಂದರೆ ಇದೇ ಪುಲ್‌ಥ್ರೂನ ಹೊಸ ಅವತಾರ. ಉದ್ದನೆಯ ದಪ್ಪ ನೂಲಿನ ಹಗ್ಗ, ನಡುವೆ ಕಂಚಿನ ಬಿರುಗೂದಲು. ಒಂದು ಎಳೆತಕ್ಕೆ ಬ್ರಶ್ಶೂ ಆಯಿತು, ಒರೆಸಿದ್ದೂ ಆಯಿತು. ಹೊಲದಿಂದ ರಾತ್ರಿ ಬಂದು ದಣಿದವರಿಗೆ ಇದು ವರ. ಆದರೆ ಹಿಂದಿನ ಸಲದ ಮಸಿಯೂ ಅದರಲ್ಲೇ ಇರುತ್ತದೆ, ಆಗಾಗ ಸಾಬೂನಿನಲ್ಲಿ ಒಗೆಯಬೇಕು. ಒಗೆಯದವರ ಹಗ್ಗ ನೋಡಿದ್ದೇನೆ, ಎತ್ತಿನ ಮೂಗುದಾರವೇ ವಾಸಿ. ತುಂಡಾಗಿ ಒಳಗೆ ಸಿಕ್ಕಿಕೊಂಡರೆ ತೆಗೆಯುವ ಪಾಡು ಬೇರೆ.

ಗಜವೇ ಎಲ್ಲಕ್ಕಿಂತ ಚೆನ್ನ, ಆದರೆ ಯಾವ ಗಜ ಎನ್ನುವುದು ನಳಿಗೆಯ ಮೇಲೆ. 12 ಬೋರಿನ ಒಳ ಅಗಲ ಸುಮಾರು 18.5 ಮಿಲಿಮೀಟರ್, ಒಳಗೆ ಗೀರುಗಳೂ ಇಲ್ಲ. ಹಿತ್ತಾಳೆ ಕೀಲಿನ ಮೂರು ತುಂಡಿನ ಕಟ್ಟಿಗೆಯ ಗಜ ಧಾರಾಳವಾಗಿ ಸಾಕು, ಅದರ ಮೇಲೆ ಹೆಚ್ಚು ದುಡ್ಡು ಸುರಿಯುವುದು ದಂಡ. .22ರ ಕಥೆ ಬೇರೆ, ಅಲ್ಲಿ ಸಿಗುವ ಜಾಗ ಐದೂವರೆ ಮಿಲಿಮೀಟರ್. ತುಂಡು ತುಂಡಾಗಿ ಜೋಡಿಸುವ ಅಲ್ಯೂಮಿನಿಯಂ ಗಜ ಬಾಗಿ ಗೋಡೆಗೆ ಉಜ್ಜುತ್ತದೆ. ಮೆತ್ತನೆಯ ಲೋಹವಾದ್ದರಿಂದ ಮರಳಿನ ಕಣಗಳು ಅದರಲ್ಲಿ ನಾಟಿಕೊಂಡು ಗೀರು ಹಾಕುತ್ತವೆ. ರೈಫಲ್ಲಿಗೆ ಒಂದೇ ತುಂಡಿನ, ಮೇಲೆ ನುಣುಪು ಲೇಪ ಇರುವ ಉಕ್ಕಿನ ಗಜ ಕೊಳ್ಳಿ. ಅದರ ಬದಲು ಬೇರೆ ಏನನ್ನಾದರೂ ಕಡಿಮೆ ಮಾಡಿಕೊಳ್ಳಿ.

ಬೋಲ್ಟ್ (ತೋಟಾವನ್ನು ಹಿಂದಿನಿಂದ ಮುಚ್ಚುವ ಅಗುಳಿ) ಹೊರಗೆ ಬರುವ ರೈಫಲ್ ಆದರೆ ಯಾವಾಗಲೂ ಹಿಂದಿನಿಂದ ಬಾಯಿಯ ಕಡೆಗೆ ತಳ್ಳಿ. ಕೊಳೆಯನ್ನು ತೋಟಾ ಕೂರುವ ಗೂಡಿಗೆ ಎಳೆದು ತರುವುದು ಬೇಡ. ಬ್ರಶ್ ಪೂರ್ತಿ ಹೊರಗೆ ಬಂದ ಮೇಲೆಯೇ ಹಿಂದಕ್ಕೆ ಎಳೆಯಿರಿ, ನಡುವೆ ತಿರುಗಿಸಿದರೆ ಬಿರುಗೂದಲು ಮುರಿಯುತ್ತದೆ. ಉಕ್ಕಿನ ತಂತಿಯ ಬ್ರಶ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಕಂಚು ನಳಿಗೆಗಿಂತ ಮೆತ್ತಗೆ, ಉಕ್ಕು ಹಾಗಲ್ಲ.

ಅರಿವೆಗೆ ಹಳೆಯ ಬನಿಯನ್ನು, ತೊಳೆದು ಮೆತ್ತಗಾದ ಹತ್ತಿಯ ಧೋತರ ಚೆನ್ನ. ಪಾಲಿಸ್ಟರ್ ಹೀರುವುದಿಲ್ಲ. ಹೊಸ ಖಾದಿ ನೂಲು ಬಿಡುತ್ತದೆ, ನಾಲ್ಕು ಸಲ ಒಗೆದ ಮೇಲೆ ಆದೀತು.

ಎಣ್ಣೆಯ ಪಂಚಾಯತಿ

ಇನ್ನು ಕುಸುಬಿ ಎಣ್ಣೆಗೆ ಬರೋಣ. ಜೋಳದ ರೊಟ್ಟಿ, ಝುಣಕದ ಜೊತೆ ಅದರಷ್ಟು ರುಚಿ ಬೇರೆ ಎಣ್ಣೆಗಿಲ್ಲ. ಆದರೆ ಅದು ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯ ಎಣ್ಣೆ. ಬಣ್ಣ ತಯಾರಿಸುವವರು ಅದನ್ನು ಬಳಸುವುದು ಈ ಗುಣಕ್ಕಾಗಿಯೇ. ನಳಿಗೆಯೊಳಗೆ ಅದು ಪದರಗಟ್ಟಿ, ಅಡಿಯ ಪಸೆಯನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಅಗಸಿ ಎಣ್ಣೆ ಇನ್ನೂ ಬೇಗ ಒಣಗುತ್ತದೆ. ಅದನ್ನು ಬಂದೂಕಿನ ಕಟ್ಟಿಗೆಗೆ ಹಚ್ಚಿ, ತೆಳ್ಳಗೆ ತಿಕ್ಕಿ ಒಣಗಿಸಿ, ಕಟ್ಟಿಗೆ ಹೊಳೆಯುತ್ತದೆ. ನಳಿಗೆಯ ಹತ್ತಿರ ಸುಳಿಯಗೊಡಬೇಡಿ. ಅಗಸಿ ಎಣ್ಣೆ ಹಚ್ಚಿದ ಅರಿವೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ತನ್ನಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳಬಹುದು, ಹರವಿ ಒಣಗಿಸಿ.

ಶೇಂಗಾ ಎಣ್ಣೆ ಅಷ್ಟು ಬೇಗ ಗಟ್ಟಿಯಾಗದು, ಆದರೂ ದಿನ ಕಳೆದಂತೆ ಕಮಟಾಗಿ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಧಾರವಾಡದ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಏನಾಗಿರುತ್ತದೋ ಬೋಲ್ಟಿನ ಸಂದಿಯಲ್ಲೂ ಅದೇ ಆಗಿರುತ್ತದೆ. ಒಟ್ಟಿನಲ್ಲಿ ತಿನ್ನುವ ಎಣ್ಣೆ ಯಾವುದೂ ಬೇಡ.

ಕೈಗೆ ಸುಲಭವಾಗಿ ಸಿಗುವುದರಲ್ಲಿ ಹೊಲಿಗೆ ಯಂತ್ರದ ಎಣ್ಣೆಗೆ ನನ್ನ ಮತ. ಖನಿಜ ಎಣ್ಣೆ, ಅಂಟಾಗುವುದಿಲ್ಲ. ತೀರ ತೆಳ್ಳಗಿರುವುದೇ ಅದರ ಕೊರತೆ. ನಿಲ್ಲಿಸಿಟ್ಟರೆ ನಿಧಾನವಾಗಿ ಇಳಿದು ಹೋಗುತ್ತದೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊಸದಾಗಿ ಎಳೆಯಬೇಕು. ಬಂದೂಕಿಗೆಂದೇ ಮಾಡಿದ ಎಣ್ಣೆಯಲ್ಲಿ ಜಂಗು ತಡೆಯುವ ಮದ್ದು ಸೇರಿರುತ್ತದೆ. ಒಂದು ಸಣ್ಣ ಬಾಟಲಿ ವರ್ಷಗಟ್ಟಲೆ ಬರುವುದರಿಂದ ಅದರಲ್ಲಿ ಉಳಿತಾಯ ಹುಡುಕುವುದು ವ್ಯರ್ಥ. ನಾನು ಈಗ ಅದನ್ನೇ ಬಳಸುತ್ತೇನೆ. ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಎಂಜಿನ್ ಎಣ್ಣೆಯನ್ನು ಹಚ್ಚುವವರೂ ಇದ್ದಾರೆ. ಅದರಲ್ಲಿ ಆಮ್ಲವೂ ಇರುತ್ತದೆ, ಲೋಹದ ಪುಡಿಯೂ ಇರುತ್ತದೆ.

ಡಬ್ಲ್ಯೂಡಿ-40 ಬಗ್ಗೆ ಕೇಳದವರಿಲ್ಲ. ನೀರನ್ನು ಹೊರದೂಡುವುದು ಎಂಬ ಅರ್ಥವೇ ಆ ಹೆಸರಿನಲ್ಲಿದೆ. ಮಳೆಯಲ್ಲಿ ನೆನೆದು ಬಂದ ಬಂದೂಕಿಗೆ ಮೊದಲು ಅದನ್ನು ಹೊಡೆದು ಒರೆಸಿ, ಒಳ್ಳೆಯದೇ. ಆರು ತಿಂಗಳು ಇಡುವ ಬಂದೂಕನ್ನು ಅದರ ಮೇಲೆ ನಂಬಿ ಬಿಡಬೇಡಿ. ಹಾಗೆ ಇಡುವುದಿದ್ದರೆ ತೆಳ್ಳಗೆ ಗ್ರೀಸು, ಇಲ್ಲವೇ ಪೆಟ್ರೋಲಿಯಂ ಜೆಲ್ಲಿ. ಆದರೆ ಮತ್ತೆ ಈಡು ಹೊಡೆಯುವ ಮುಂಚೆ ಒಂದು ಕಣವೂ ಉಳಿಯದಂತೆ ತೆಗೆಯಬೇಕು. ಎಣ್ಣೆಯಾದರೂ ಅಷ್ಟೇ. ರೈಫಲ್ಲಿನ ತೋಟಾ ಕೂರುವ ಗೂಡಿನಲ್ಲಿ ಎಣ್ಣೆ ಇದ್ದರೆ ಹಿತ್ತಾಳೆಯ ಕವಚ ಗೋಡೆಗೆ ಕಚ್ಚದೆ ಜಾರುತ್ತದೆ, ಬೋಲ್ಟಿನ ಮೇಲೆ ಬೀಳುವ ಹೊಡೆತ ಹೆಚ್ಚುತ್ತದೆ. ಒಣ ಅರಿವೆ ಎಳೆಯದೆ ತೋಟಾ ಹಾಕಬೇಡಿ.

ಎಷ್ಟು ಸಲ?

ಕೇಪಿನ ಬಂದೂಕಿಗೆ ಹೊಡೆದ ದಿನವೇ, ನಾಳೆ ಎನ್ನುವ ಮಾತಿಲ್ಲ. 12 ಬೋರಿಗೆ ಆ ವಾರದೊಳಗೆ, ಮಳೆಗಾಲದಲ್ಲಾದರೆ ಅದೇ ಸಂಜೆ. .22 ಹೊಡೆಯುವ ಹುಡುಗರು ಮಾತ್ರ ಉಲ್ಟಾ ತಪ್ಪು ಮಾಡುತ್ತಾರೆ. ದಿನವೂ ಕಂಚಿನ ಬ್ರಶ್ ಹಾಕಿ ತಿಕ್ಕುತ್ತಾರೆ. ಮೆತ್ತನೆಯ ಸೀಸದ ಗುಂಡು, ಕಡಿಮೆ ಒತ್ತಡ, ಆ ನಳಿಗೆ ಹೊಡೆದು ಸವೆಯುವುದು ಬಹಳ ನಿಧಾನ. ಸವೆಯುವುದು ಗಜದಿಂದ. ಜೊತೆಗೆ, ಪೂರ್ತಿ ತೊಳೆದ ನಳಿಗೆಯಲ್ಲಿ ಮೊದಲ ಕೆಲವು ಗುಂಡುಗಳು ಚೆದುರುತ್ತವೆ, ಮೇಣದ ಪದರ ಮತ್ತೆ ಕೂತ ಮೇಲೆ ಗುಂಪು ಸೇರುತ್ತದೆ. ಪಂದ್ಯದ ಹಿಂದಿನ ರಾತ್ರಿ ತೊಳೆದು ಅತ್ತವರನ್ನು ಕಂಡಿದ್ದೇನೆ. ಗುರಿ ಹದಗೆಟ್ಟಾಗ ತೊಳೆದರೆ ಸಾಕು, ಗೂಡಿನ ಮುಂದೆ ಕೂರುವ ಮಸಿಯ ಉಂಗುರವನ್ನು ಮಾತ್ರ ಆಗಾಗ ನೋಡಿಕೊಳ್ಳಿ. ಏರ್ ರೈಫಲ್ಲಿಗೆ ಫೆಲ್ಟ್ ಗುಳಿಗೆ ಅಥವಾ ಒಣ ಅರಿವೆ. ಸ್ಪ್ರಿಂಗಿನ ಏರ್ ರೈಫಲ್ಲಿನಲ್ಲಿ ಎಣ್ಣೆ ಒಳಸೇರಿದರೆ ಒತ್ತಿದ ಗಾಳಿಯ ಕಾವಿಗೆ ಡೀಸೆಲ್ ಎಂಜಿನ್ನಿನಂತೆ ಹೊತ್ತಿಕೊಳ್ಳುತ್ತದೆ.

ಯಾವ ಬಂದೂಕೇ ಆಗಲಿ, ಒರೆಸಿದ ಅರಿವೆಯಲ್ಲಿ ಸೀಸ ಇರುತ್ತದೆ. ಊಟದ ಜಾಗದಲ್ಲಿ ಈ ಕೆಲಸ ಬೇಡ. ಕೈಗವಸು ಹಾಕಿಕೊಳ್ಳಿ, ಆಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ.

ಒಳಗೆ ಆಳವಾದ ಕುಳಿ, ಉಬ್ಬು, ಸೀಳು ಕಂಡರೆ ಇಲ್ಲಿ ಹೇಳಿದ ಯಾವುದೂ ಉಪಯೋಗಕ್ಕೆ ಬರುವುದಿಲ್ಲ, ಅದು ರಿಪೇರಿಯವರ ಕೆಲಸ. ಮರಳು ಕಾಗದ ಸುತ್ತಿ ತಿಕ್ಕಿಕೊಡುತ್ತೇನೆ ಎನ್ನುವ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ. ಲೈಸನ್ಸಿಲ್ಲದೆ ಬಂದೂಕು ರಿಪೇರಿ ಮಾಡುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ.

ಇಡುವ ಜಾಗ, ಠಾಣೆ, ಹಬ್ಬ

ತೊಗಲಿನ ಚೀಲದಲ್ಲಿ ಬಂದೂಕು ರಾಜಗಾಂಭೀರ್ಯದಿಂದ ಕಾಣುತ್ತದೆ, ಆದರೆ ತೊಗಲು ಹದಮಾಡಿದ ಉಪ್ಪೂ ಪಸೆಯೂ ಅದರಲ್ಲಿ ಇರುತ್ತವೆ. ಚೀಲ ಒಯ್ಯುವುದಕ್ಕೆ ಮಾತ್ರ. ಬೀಗ ಹಾಕಿದ ಕಪಾಟಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಸಾಧ್ಯವಾದರೆ ಬಾಯಿ ಕೆಳಗೆ ಮಾಡಿ ಇಡಿ. ಎಣ್ಣೆ ಇಳಿದು ಕಟ್ಟಿಗೆಗೆ ಹೋಗುವುದು ತಪ್ಪುತ್ತದೆ.

ಖಂಡೆ ಪೂಜೆಯ ದಿನ ಅರಿಷಿಣ ಕುಂಕುಮ ಬೇಡ ಎನ್ನುವಷ್ಟು ಧೈರ್ಯ ನನಗಿಲ್ಲ, ಅವ್ವ ಇದ್ದಾಳೆ. ಕಟ್ಟಿಗೆಯ ಭಾಗಕ್ಕೆ ಹಚ್ಚಿಸುತ್ತೇನೆ. ಹೂವು, ತೆಂಗಿನ ನೀರು ನಳಿಗೆಯ ಮೇಲೆ ಬಿದ್ದರೆ ಬನ್ನಿ ಕೊಡಲು ಹೊರಡುವ ಮುಂಚೆಯೇ ಒರೆಸಿ ಎಣ್ಣೆ ಹಚ್ಚಿಬಿಡುತ್ತೇನೆ.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಹೋಗುತ್ತದೆ. 2024ರ ಲೋಕಸಭೆ ಚುನಾವಣೆಗೆ ಮಾರ್ಚಿನಲ್ಲಿ ಕೊಟ್ಟದ್ದು ಕೈಗೆ ಬಂದಾಗ ಜೂನ್, ಹೊರಗೆ ಜಿಟಿಜಿಟಿ ಮಳೆ. ಕೊಡುವ ಹಿಂದಿನ ದಿನ ಗ್ರೀಸು ಎಳೆದು, ಹೊರಗೆಲ್ಲ ಎಣ್ಣೆ ಒರೆಸಿ, ನಂಬರು ಕಾಣುವಂತೆ ಚೀಟಿ ಕಟ್ಟಿ ಕೊಟ್ಟಿದ್ದೆ. ನಳಿಗೆಗೆ ಏನೂ ಆಗಿರಲಿಲ್ಲ. ನನ್ನ ಬಂದೂಕಿನ ಪಕ್ಕದಲ್ಲಿ ನಿಂತಿದ್ದ, ತೋಟಾ ಹಾಕುವ ಒಂಟಿನಳಿಗೆಯ ಬಾಯಿಗೆ ಮಾತ್ರ ಕುಂಬಾರಹುಳ ಮಣ್ಣಿನ ಮನೆ ಕಟ್ಟಿತ್ತು. ಅದರ ಯಜಮಾನರು ಹಾಗೇ ಹೆಗಲಿಗೇರಿಸಿ ಹೊರಟಿದ್ದರು. ನಿಲ್ಲಿಸಿ ತೋರಿಸಿದೆ. ಅಂಥ ನಳಿಗೆಯಲ್ಲಿ ಈಡು ಹೊಡೆದರೆ ನಳಿಗೆ ಸೀಳುತ್ತದೆ, ಎದುರಿಗಿದ್ದ ಹಂದಿಗಿಂತ ಮೊದಲು ಹಿಡಿದ ಕೈ ಹೋಗುತ್ತದೆ. ಅವರು ಬಾಯಿಗೆ ಕಡ್ಡಿ ಹಾಕಲು ಹೋದರು. ಬೇಡ, ಮೊದಲು ಒಳಗೆ ತೋಟಾ ಇಲ್ಲ ಎನ್ನುವುದನ್ನು ನೋಡಿ, ಆಮೇಲೆ ಹಿಂದಿನಿಂದ ಗಜ ಹಾಕಿ ತಳ್ಳಿ ಎಂದೆ. ಹೆಂಟೆಯ ಜೊತೆ ಒಣಗಿದ ನಾಲ್ಕು ಜೇಡಗಳೂ ಉದುರಿದವು.